ಕೋವಿಗೇತಕ್ಕೆ ಸಿಂಗಾರ?

ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಬರುವ ಗಾಡಿಯೆತ್ತುಗಳನ್ನು ಕಂಡವರಿಗೆ ನಾನು ಹೇಳಹೊರಟಿರುವ ಮಾತು ಅರ್ಧ ತಿಳಿದೇ ಇರುತ್ತದೆ. ಚಳಿ ಹಿಂಜರಿಯುವ ಕಾಲಕ್ಕೆ ಸುತ್ತಣ ಊರುಗಳಿಂದ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಎತ್ತಿನ ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲು, ಕೊಂಬಿಗೆ ಬಣ್ಣ, ಕೊಂಬಿನ ತುದಿಗೆ ಹಿತ್ತಾಳೆಯ ಕೋಡಣಸು. ಪೇಟೆಯಿಂದ ಹೋದ ನಾವು ಇದನ್ನೆಲ್ಲ ಅಲಂಕಾರವೆಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಆ ಕೋಡಣಸನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಜ್ಜಂಪುರದ ಕಡೆಯ ಅಮೃತಮಹಲ್ ಎತ್ತಿನ ಕೊಂಬು ಆಟದ ಸಾಮಾನಲ್ಲ. ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮೇಲಕ್ಕೆದ್ದು ಸೂಜಿಯಂತೆ ಮುಗಿಯುವ ಆಯುಧ ಅದು. ಹೈದರಾಲಿಯ ಮತ್ತು ಟಿಪ್ಪುವಿನ ಫಿರಂಗಿಗಳನ್ನೆಳೆದ ತಳಿ; ಮೈಯಲ್ಲಿ ಇನ್ನೂ ಆ ಬಿಸಿ ಆರಿಲ್ಲ. ಅಂಥ ಕೊಂಬಿನ ಮೊನೆಗೆ ರೈತ ಹೊಳೆಯುವ ಹಿತ್ತಾಳೆಯ ಕುಪ್ಪಿಗೆ ತೊಡಿಸುತ್ತಾನೆ. ಎತ್ತು ಹಬ್ಬದ ಎತ್ತಾಗುತ್ತದೆ. ಜೊತೆಗೆ, ನೂರಾರು ಜನರ ನಡುವೆ ಅದು ತಲೆ ಕೊಡವಿದರೆ ಯಾರ ಪಕ್ಕೆಯೂ ಸೀಳುವುದಿಲ್ಲ. ಅಂದವೂ ಆಯಿತು, ಅಂಕೆಯೂ ಆಯಿತು.

ನಮ್ಮ ಅಮ್ಮನ ಗುಡಿಗಳಲ್ಲಿ ತ್ರಿಶೂಲದ ಮೊನೆಗೆ ನಿಂಬೆಹಣ್ಣು ಚುಚ್ಚಿಡುವುದನ್ನು ಎಲ್ಲರೂ ಕಂಡಿದ್ದಾರೆ. ಅದಕ್ಕೆ ಪೂಜಾರಿಗಳು ಬೇರೆ ಅರ್ಥ ಹೇಳಿಯಾರು. ನನ್ನ ಕಣ್ಣಿಗೆ ಮಾತ್ರ ಅದೂ ಒಂದು ಕೋಡಣಸೇ.

ಆಯುಧವನ್ನು ಸಿಂಗರಿಸಬಹುದೆ? ಕೊಲ್ಲುವುದಕ್ಕೆಂದು ಮಾಡಿದ ವಸ್ತುವಿಗೆ ಹೂವು, ಬಣ್ಣ, ಚಿತ್ತಾರ ಏತಕ್ಕೆ? ಈ ಪ್ರಶ್ನೆ ನನ್ನ ತಲೆಗೆ ಹತ್ತಿದುದಕ್ಕೆ ಕಾರಣ ನನ್ನ ಅಕ್ಕನ ಮಗ. ಅಕ್ಕನನ್ನು ಕೊಟ್ಟಿರುವುದು ಅಂತರಘಟ್ಟೆಗೆ. ಹುಡುಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ವಯಸ್ಸು 24. ಹೋದ ಸಲ ರಜೆಗೆ ಬಂದಾಗ ಒಂದು ಏರ್‌ಗನ್ನು ತಂದ. ಒಂದು ಮಿತಿಯೊಳಗಿನ ಶಕ್ತಿಯ ಏರ್‌ಗನ್ನಿಗೆ ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲ. ಹಕ್ಕಿ ಹೊಡೆಯುವ ಹುಡುಗನಲ್ಲ ಅವನು. ಹಿತ್ತಿಲಿನಲ್ಲಿ ಗೋಡೆಯ ಮೇಲೆ ಖಾಲಿ ಡಬ್ಬಗಳನ್ನಿಟ್ಟು ಹೊಡೆಯುತ್ತಾನೆ. ಇದರಲ್ಲಿ ಆಕ್ಷೇಪಿಸುವುದೇನೂ ಇಲ್ಲ.

ರಜೆಯ ಮೂರು ದಿನ ಆತ ಆ ಏರ್‌ಗನ್ನಿನ ಸೇವೆಗೆ ಕುಳಿತ. ನಳಿಗೆಯ ಕೆಳಗೆ ಎಡಗೈ ಆನಿಸುವ ಭಾಗವೊಂದಿದೆಯಲ್ಲ, ಅಂಗಡಿಯವರು ಅದನ್ನು ಹ್ಯಾಂಡ್‌ಗಾರ್ಡ್ ಎನ್ನುತ್ತಾರೆ. ಅದನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮೊದಲು ಮಣ್ಣಿನ ಬಣ್ಣ ಬಳಿದ. ಆಮೇಲೆ ಹಿತ್ತಿಲಿನ ಹೊಂಗೆ ಎಲೆಗಳನ್ನು ಕಿತ್ತು ಅದರ ಮೇಲಿಟ್ಟು ಹಸುರು ಊದಿದ. ಎಲೆ ಸರಿಸಿ ಕಂದು ಊದಿದ. ಮತ್ತೆ ಸರಿಸಿ ಕಪ್ಪು. ಉಳಿದ ಭಾಗಕ್ಕೆ ಎಲೆಚಿತ್ರದ ಪಟ್ಟಿ ಸುತ್ತಿದ. ಪಕ್ಕದಲ್ಲಿ ಹಲ್ಲುಹಲ್ಲಾದ ಒಂದು ಕಂಬಿ ಕೂರಿಸಿ ಅದಕ್ಕೆ ಪುಟ್ಟ ಟಾರ್ಚು, ಕೆಳಗೆ ಮಡಚುವ ಎರಡು ಕಾಲು, ಹೆಗಲಿಗೆ ಹಸುರು ಪಟ್ಟಿ. ಕೊನೆಗೆ ಜಗಲಿಗೆ ತಂದು, “ಹೆಂಗಿದೆ ಮಾವ?” ಎಂದ. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು. ಹೊಂಗೆ ಎಲೆಯ ನರಗಳು ಕೂಡ ಮೂಡಿದ್ದುವು.

ಆಮೇಲೆ ನಾನು ಕೇಳಿದ ಪ್ರಶ್ನೆ ತೀರ ಸಾಮಾನ್ಯವಾದುದು. “ಅಲ್ಲಯ್ಯಾ, ಇದು ಯಾರ ಕಣ್ಣಿಗೆ ಕಾಣದಿರಲಿ ಅಂತ? ಡಬ್ಬಕ್ಕೆ ಕಣ್ಣಿದೆಯೆ?”

ಹುಡುಗ ನಕ್ಕುಬಿಟ್ಟ. ತಾಯಿಗೂ ತಂಗಿಗೂ ಸ್ನೇಹಿತರಿಗೂ ಫೋಟೋ ಕಳಿಸಿದ. ಮರೆಸುವುದಕ್ಕೆಂದು ಹುಟ್ಟಿದ ಬಣ್ಣವನ್ನು ತೋರಿಸುವುದಕ್ಕೆಂದು ಬಳಿದಿದ್ದಾನೆ ಎಂಬುದು ಅವನಿಗೂ ಗೊತ್ತಿತ್ತು. ಅಷ್ಟೇ ಅಲ್ಲ. ಹ್ಯಾಂಡ್‌ಗಾರ್ಡ್ ಎಂಬುದೇ ಹುಟ್ಟಿದ್ದು ಎಡೆಬಿಡದೆ ಗುಂಡು ಹಾರಿಸಿ ಕಾದ ನಳಿಗೆಯಿಂದ ಸಿಪಾಯಿಯ ಬೆರಳು ಸುಡದಿರಲಿ ಎಂದು. ಆ ಹಲ್ಲುಕಂಬಿಯ ಅಳತೆಯನ್ನು ಅಮೆರಿಕದ ಸೈನ್ಯ 1995ರಲ್ಲಿ ಗೊತ್ತುಮಾಡಿತು. ನ್ಯೂಜೆರ್ಸಿಯ ಪಿಕಟಿನಿ ಎಂಬಲ್ಲಿಯ ಶಸ್ತ್ರಾಗಾರದ ಹೆಸರೇ ಇಂದಿಗೂ ಅದಕ್ಕಿದೆ. ಗಾಳಿಯಿಂದ ಸೀಸದ ಕಾಳು ಹಾರಿಸುವ ಏರ್‌ಗನ್ನಿನ ನಳಿಗೆಯೋ, ದಿನವಿಡೀ ಹೊಡೆದರೂ ಹಾಗೆ ಸುಡುವುದಿಲ್ಲ. ಬಿಸಿಯಾಗದ ನಳಿಗೆಗೆ ಬಿಸಿಯ ಕಾವಲು, ಕಣ್ಣಿಲ್ಲದ ಡಬ್ಬದಿಂದ ಮರೆ. ಇದನ್ನು ನಕ್ಕು ಬಿಟ್ಟುಬಿಡಬಹುದಾಗಿತ್ತು.

ಬಿಡಲಾಗದಂತೆ ಮಾಡಿದವರು ನಮ್ಮ ಭಾವನ ತಂದೆ. ಅವರಿಗೀಗ 80 ದಾಟಿದೆ. ಅವರ ಹೆಸರಿನಲ್ಲಿ ಒಂದು ಕೇಪಿನ ಕೋವಿ ಇದೆ. ಬೆಳೆರಕ್ಷಣೆಗೆಂದು ಕೊಟ್ಟ ಪರವಾನಗಿ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸಿ, ಮುಗಿದ ಮೇಲೆ ಚೀಟಿ ತೋರಿಸಿ ಬಿಡಿಸಿಕೊಂಡು ಬರುವುದು ಆ ಮನೆಯ ಒಂದು ಕ್ರಮ. 2016ರ ಆಯುಧ ನಿಯಮಗಳ ಪ್ರಕಾರ, ಪರವಾನಗಿದಾರನಿಗೆ 70 ವರ್ಷ ತುಂಬಿದರೆ ಅಥವಾ ಆಯುಧ 25 ವರ್ಷ ಅವನ ಬಳಿ ಇದ್ದರೆ, ಅವನು ಸೂಚಿಸಿದ ವಾರಸುದಾರನ ಹೆಸರಿಗೆ ಹೊಸ ಪರವಾನಗಿ ಕೇಳಬಹುದು. ಭಾವನಿಗೆ ಕೋವಿಯ ಗೊಡವೆ ಬೇಡ. ಮೊಮ್ಮಗನಿಗೆ ಬೇಕು. ಅರ್ಜಿಗೆ ಸಹಿ ಹಾಕಬೇಕಾದ ಯಜಮಾನರು ಜಗಲಿಯ ಮೇಲಿನ ಆ ಎಲೆಚಿತ್ರದ ಏರ್‌ಗನ್ನನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, “ಕೋವಿಗೆ ಅಂಗಿ ಹೊಲ್ಸೋನ ಕೈಗೆ ಕೋವಿ ಕೊಡಬೌದೇನ್ರಿ? ನೀವೇ ಹೇಳ್ರಿ,” ಎಂದರು.

ಹೇಳಬೇಕಾಯಿತು. ಅದಕ್ಕಾಗಿ ಯೋಚಿಸಬೇಕಾಯಿತು.

ಮೊದಲು ಹುಡುಗನ ಪರವಾಗಿ ವಾದಿಸುವುದು ನ್ಯಾಯ. ತನ್ನ ಕೈಗೆ ಬಂದ ಉಪಕರಣವನ್ನು ಚೆಂದಗೊಳಿಸದೆ ಬಿಟ್ಟ ಮನುಷ್ಯ ಎಲ್ಲಿದ್ದಾನೆ? ಈಳಿಗೆಮಣೆಯ ಹಲಗೆಗೆ ಮೀನಿನ ಆಕಾರ ಕೊಡುತ್ತೇವೆ. ಅಡಕತ್ತರಿಯನ್ನು ಗಿಣಿಯಂತೆ ಮಾಡುತ್ತೇವೆ. ಕತ್ತರಿಸುವ, ಸೀಳುವ ಸಾಮಾನಿನ ಮೇಲೆಯೇ ನಮ್ಮ ಬಡಗಿ ಕಮ್ಮಾರರ ಕಲ್ಪನೆ ಹೆಚ್ಚು ಓಡಿದೆಯೇನೋ! ಕಾರ್ಖಾನೆಯಲ್ಲಿ ಸಾವಿರಕ್ಕೆ ಸಾವಿರವೂ ಒಂದೇ ಅಚ್ಚಿನಲ್ಲಿ ಹುಟ್ಟಿದ ವಸ್ತುವನ್ನು ಮೂರು ದಿನ ಕೂತು ತನ್ನದನ್ನಾಗಿ ಮಾಡಿಕೊಳ್ಳಬೇಕೆಂದು ಒಬ್ಬ ಯುವಕನಿಗೆ ಅನ್ನಿಸಿದರೆ ಅದರಲ್ಲಿ ಒಂದು ಆರೋಗ್ಯವಿದೆ. ಕೊಂಡುಕೊಂಡದ್ದು ಇನ್ನೂ ತನ್ನದಾಗಿಲ್ಲ, ಕೈ ಹಚ್ಚಿದ ಮೇಲೆಯೇ ತನ್ನದು ಎಂದು ತಿಳಿಯುವುದು ಹಳೆಯ, ಒಳ್ಳೆಯ ತಿಳಿವಳಿಕೆ.

ವಿರಾಟಪರ್ವದಲ್ಲಿ ಇದಕ್ಕೊಂದು ದೊಡ್ಡ ಆಧಾರವೂ ಇದೆ. ಬೃಹನ್ನಳೆಯ ಮಾತಿನಂತೆ ಶಮೀವೃಕ್ಷ ಹತ್ತಿದ ಉತ್ತರಕುಮಾರ ಗಂಟು ಬಿಚ್ಚಿ ನೋಡಿ ದಂಗಾಗುತ್ತಾನೆ. ಈ ಚಿನ್ನದ ಬಿಂದುಗಳ ಬಿಲ್ಲು ಯಾರದು, ಈ ಚಿನ್ನದ ಆನೆಗಳುಳ್ಳದ್ದು ಯಾರದು, ಈ ಇಂದ್ರಗೋಪಗಳುಳ್ಳದ್ದು, ಈ ಸೂರ್ಯಬಿಂಬಗಳುಳ್ಳದ್ದು, ಈ ಪತಂಗಗಳುಳ್ಳದ್ದು ಯಾರದು ಎಂದು ಒಂದೊಂದನ್ನೂ ಕೇಳುತ್ತಾನೆ. ಅರ್ಜುನ ಒಂದೊಂದಕ್ಕೂ ಹೆಸರು ಹೇಳುತ್ತಾನೆ. ಎಂದರೆ ಅಲ್ಲಿ ಅಲಂಕಾರವೇ ವಿಳಾಸ. ಆನೆಯ ಬಿಲ್ಲಿನಿಂದ ಬಂದ ಬಾಣಕ್ಕೆ ಯಾರು ಹೊಣೆಯೆಂದು ಯಾರೂ ಅನುಮಾನಿಸಬೇಕಾಗಿಲ್ಲ. ಆಯುಧದ ಮೇಲಿನ ಚಿತ್ತಾರ ‘ಇದು ನನ್ನದು’ ಎನ್ನುತ್ತದೆ. ಅದರ ಒಳಗೇ ‘ಇದರಿಂದ ಆಗುವುದೂ ನನ್ನದು’ ಎಂಬ ಮಾತಿದೆ.

ಅದೇ ಕಥೆಯಲ್ಲಿ ಮರೆಯೂ ಇದೆ ನೋಡಿ. ಆ ಬಿಲ್ಲುಗಳನ್ನು ಪಾಂಡವರು ಬಚ್ಚಿಟ್ಟದ್ದು ಹೇಗೆ? ಮರದ ಮೇಲೆ ಕಟ್ಟಿ, ಜೊತೆಗೊಂದು ಹೆಣವನ್ನೂ ಕಟ್ಟಿ, ನಾತಕ್ಕೆ ಯಾರೂ ಹತ್ತಿರ ಸುಳಿಯದ ಹಾಗೆ ಮಾಡಿ. ಕೇಳಿದ ದನಗಾಹಿಗಳಿಗೆ ಅದು ನಮ್ಮ ತಾಯಿಯ ಹೆಣ, ನಮ್ಮ ಕುಲಾಚಾರ ಎಂದು ಹೇಳಿ ಹೋದರು. ನಾನು ಬಲ್ಲ ಕಥೆಗಳಲ್ಲಿ ಆಯುಧಕ್ಕೆ ತೊಡಿಸಿದ ಅತ್ಯಂತ ಹಳೆಯ ಮರೆವೇಷ ಇದು. ಆ ಮರೆ ಹೇಳುವುದೇನು? ಇಲ್ಲಿ ಸಾವಿದೆ, ದೂರವಿರು ಎಂದು. ಹೇಳಿದ ಮಾತು ಸುಳ್ಳು, ಆದರೆ ಹೇಳಿದ ಸಂಗತಿ ನಿಜ. ಮತ್ತೊಂದು ವಿಶೇಷವೆಂದರೆ ಒಂದು ವರುಷ ಆಯುಧವನ್ನು ಮುಟ್ಟಬಾರದೆಂಬ ನಿಯಮಕ್ಕಾಗಿ ಮಾಡಿದ ಮರೆ ಅದು. ಇಂದು ನಾವು ಕ್ಯಾಮೊಫ್ಲಾಜ್ ಎನ್ನುವ ಮರೆಬಣ್ಣವೋ, ಹೊಡೆಯುವ ಗಳಿಗೆಯವರೆಗೆ ಕಾಣದಿರಲಿ ಎಂದು ಮಾಡಿದ್ದು. ಅಲ್ಲಿ ತಡೆಯಲು ಮರೆ, ಇಲ್ಲಿ ಹೊಡೆಯಲು ಮರೆ.

ಆದರೆ ಹೀಗೆ ಹೇಳಿ ಮರೆಬಣ್ಣವನ್ನೇ ಪಾಪವೆಂದು ತಳ್ಳಿಬಿಡುವುದು ಸುಲಭದ ತೀರ್ಪಾದೀತು. ಬಯಲಿನಲ್ಲಿ ನಿಂತು ಗುಂಡಿಗೆ ಎದೆಯೊಡ್ಡಬೇಕಾದ ಬಡ ಸಿಪಾಯಿಯ ಕಡೆಯಿಂದಲೂ ನೋಡಬೇಕು. ಬ್ರಿಟಿಷರ ಕೆಂಪಂಗಿ ದೂರದಿಂದ ಎಷ್ಟು ಭವ್ಯವಾಗಿ ಕಾಣುತ್ತಿತ್ತೋ ಅಷ್ಟೇ ಒಳ್ಳೆಯ ಗುರಿಯೂ ಆಗಿತ್ತು. 1840ರ ದಶಕದ ಕೊನೆಯಲ್ಲಿ ಪೇಶಾವರದ ಕಡೆ ಹ್ಯಾರಿ ಲಮ್ಸ್‌ಡನ್ ಎಂಬ ಅಧಿಕಾರಿ ತನ್ನ ‘ಗೈಡ್ಸ್’ ಪಡೆಗೆ ಧೂಳಿನ ಬಣ್ಣದ ಬಟ್ಟೆ ತೊಡಿಸಿದ. ಖಾಕಿ ಎಂದರೆ ಧೂಳಿನದು ಎಂದೇ ಅರ್ಥ. ಆ ಬಣ್ಣದ ಚರಿತ್ರೆಯಲ್ಲಿ ನಮ್ಮ ಮಂಗಳೂರಿಗೂ ಒಂದು ಪಾಲಿದೆ. 1850ರ ಸುಮಾರಿಗೆ ಅಲ್ಲಿಯ ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಯಲ್ಲಿ ಹಾಲರ್ ಎಂಬ ನೇಕಾರ ತಯಾರಿಸಿದ ಖಾಕಿ ಬಣ್ಣ ಹೆಸರುವಾಸಿಯಾಯಿತು. ಧರ್ಮಪ್ರಚಾರಕ್ಕೆ ಬಂದವರ ಮಗ್ಗದಲ್ಲಿ ಯುದ್ಧದ ಬಣ್ಣ ಎಂದು ಯಾರಾದರೂ ಕೊಂಕು ನುಡಿದಾರು. ನಾನು ನುಡಿಯಲಾರೆ. ಆ ಬಣ್ಣದಿಂದ ಮನೆಗೆ ಮರಳಿದ ಮಕ್ಕಳೂ ಎಷ್ಟೋ ಇದ್ದಾರು.

ಮೊದಲ ಮಹಾಯುದ್ಧದಲ್ಲಿ ಫ್ರೆಂಚರು ಚಿತ್ರಕಾರರನ್ನೇ ಕೂಡಿಸಿ ಫಿರಂಗಿ ಮರೆಮಾಡುವ ಒಂದು ಪಡೆ ಕಟ್ಟಿದರು. ಅದಕ್ಕೆ ಮೊದಲೇ, 1909ರಲ್ಲಿ, ಅಮೆರಿಕದ ಚಿತ್ರಕಾರ ಅಬಟ್ ಥೇಯರನ ವಿಚಾರಗಳು ಪ್ರಾಣಿಗಳ ಮರೆಬಣ್ಣದ ಮೇಲೊಂದು ಪುಸ್ತಕವಾಗಿ ಹೊರಬಂದಿದ್ದುವು. ಮೃಗಗಳ ಬೆನ್ನು ಕಪ್ಪಗೆ ಹೊಟ್ಟೆ ಬೆಳ್ಳಗೆ ಇರುವುದು ಏಕೆ? ಬೆಳಕು ಮೇಲಿನಿಂದ ಬೀಳುತ್ತದೆ, ನೆರಳು ಕೆಳಗಾಗುತ್ತದೆ. ಬಣ್ಣ ಅದಕ್ಕೆ ವಿರುದ್ಧವಾಗಿದ್ದರೆ ದೇಹದ ದುಂಡು ಅಳಿಸಿಹೋಗಿ ಮೃಗ ನೆಲದಲ್ಲಿ ಬೆರೆತುಹೋಗುತ್ತದೆ ಎಂದು ಆತ ವಾದಿಸಿದ. ಇದು ಸರಿಯಾದ ಮಾತೇ. ಆದರೆ ಒಂದು ಸತ್ಯ ಸಿಕ್ಕವನಿಗೆ ಎಲ್ಲೆಲ್ಲೂ ಅದೇ ಕಾಣುವುದುಂಟು. ಫ್ಲಮಿಂಗೊ ಹಕ್ಕಿಯ ಗುಲಾಬಿ ಬಣ್ಣ ಕೂಡ ಸಂಜೆಯ ಆಕಾಶದಲ್ಲಿ ಮರೆಯಾಗಲೆಂದೇ ಇರುವುದು ಎಂದುಬಿಟ್ಟ! ಬೇಟೆಗಾರನೂ ಆಗಿದ್ದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ಹಿಡಿದು ಹಾಸ್ಯಮಾಡಿದ. ಎಲ್ಲ ಬಣ್ಣವೂ ಅಡಗುವುದಕ್ಕಲ್ಲ. ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕಡೂರು ತಾಲ್ಲೂಕಿನಲ್ಲಿಯೇ, 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದ ಬಾಸೂರಿನ ಅಮೃತಮಹಲ್ ಕಾವಲಿಗೆ ಹೋದರೆ ಸಾಕು. ಒಣಹುಲ್ಲಿನ ನಡುವೆ ಹೆಣ್ಣು ಕೃಷ್ಣಮೃಗ ನಿಂತಿದ್ದರೂ ಕಾಣುವುದಿಲ್ಲ. ಬೆಳೆದ ಗಂಡು ಕಪ್ಪಗೆ ಬೆಳ್ಳಗೆ ಹೊಳೆಯುತ್ತ, ತಿರುಚಿದ ಕೊಂಬೆತ್ತಿ, ಅರ್ಧ ಮೈಲಿಗೇ ‘ಇಲ್ಲಿದ್ದೇನೆ’ ಎನ್ನುತ್ತದೆ. ಒಂದೇ ಹಿಂಡಿನಲ್ಲಿ ಮರೆಯೂ ಉಂಟು ಮೆರೆತವೂ ಉಂಟು. ಎರಡಕ್ಕೂ ಬೆಲೆ ಅವು ಪ್ರಾಣದಲ್ಲಿಯೇ ಕೊಡುತ್ತವೆ. ಅಡಗಲು ತಪ್ಪಿದರೆ ಸಾವು. ಮೆರೆದುದಕ್ಕೂ ಒಮ್ಮೊಮ್ಮೆ ಸಾವು.

ಹುಲಿಯ ಪಟ್ಟೆಯ ಕಥೆ ಇನ್ನೂ ಸೊಗಸು. ಕಾಡಿನ ಬಿಸಿಲು ನೆರಳಿನಲ್ಲಿ ಹುಲಿಯನ್ನು ಅಡಗಿಸುವ ಆ ಪಟ್ಟೆಯನ್ನು ಟಿಪ್ಪು ಸುಲ್ತಾನ ತನ್ನ ಸಿಪಾಯಿಗಳ ಅಂಗಿಗೆ, ಕತ್ತಿಗೆ, ಕೋವಿಗೆ, ಸಿಂಹಾಸನಕ್ಕೆ ಇಳಿಸಿದ. ಶ್ರೀರಂಗಪಟ್ಟಣದಲ್ಲಿ ಅದು ಅಡಗಿಸಲಿಲ್ಲ, ಸಾರಿತು. 1799ರ ಮೇ 4ರಂದು ಕೋಟೆ ಬಿದ್ದಮೇಲೆ ಆ ಪಟ್ಟೆಯ ಆಯುಧಗಳು ಇಂಗ್ಲೆಂಡಿಗೆ ಹೋಗಿ ಶ್ರೀಮಂತರ ಗೋಡೆಗಳಿಗೆ ಅಲಂಕಾರವಾದುವು. 1960ರ ದಶಕದ ವಿಯೆಟ್ನಾಂ ಯುದ್ಧದಲ್ಲಿ ಸಿಪಾಯಿಗಳ ಅಂಗಿಯ ಮೇಲೆ ಹುಲಿಪಟ್ಟೆ ಮತ್ತೆ ಬಂತು, ಈ ಸಲ ಅಡಗುವುದಕ್ಕೆ. ಈಗ ಅದೇ ಪಟ್ಟೆ ಬೆಂಗಳೂರಿನ ಅಂಗಡಿಗಳಲ್ಲಿ ಚೀಲದ ಮೇಲೆ, ಚಡ್ಡಿಯ ಮೇಲೆ ಮತ್ತೆ ತೋರಿಕೆಗೆ ನಿಂತಿದೆ. ಎಂದಮೇಲೆ ಗೆರೆಯಲ್ಲಿ ಬಣ್ಣದಲ್ಲಿ ಧರ್ಮಾಧರ್ಮವಿಲ್ಲ. ಯಾರು, ಎಲ್ಲಿ, ಏನನ್ನು ಪಣಕ್ಕಿಟ್ಟು ತೊಟ್ಟರು ಎಂಬುದರಲ್ಲಿದೆ. 2022ರ ಜನವರಿ 15ರಂದು ನಮ್ಮ ಸೈನ್ಯ ಹೊಸ ಚುಕ್ಕೆಗಳ ಸಮವಸ್ತ್ರವನ್ನು ತೋರಿಸಿತು. ಆ ವಿನ್ಯಾಸವನ್ನು ಯಾರೂ ನಕಲು ಮಾಡದಂತೆ ನೋಂದಾಯಿಸಿಯೂ ಇಟ್ಟರು. ಅದು ಹಾಗೆಯೇ ಸರಿ. ಹಿಮದಲ್ಲಿ ಕಲ್ಲಿನ ಸಂದಿಯಲ್ಲಿ ಪ್ರಾಣ ಒಡ್ಡಿ ನಿಂತವನ ವೇಷ ಅದು. ನನ್ನ ಅಳಿಯ ಪಣಕ್ಕಿಟ್ಟದ್ದು ಮೂರು ದಿನದ ರಜೆಯನ್ನು.

ಅಪಾಯವಿಲ್ಲದೆ ಅಪಾಯದ ವೇಷ ಹಾಕುವುದು ತಪ್ಪೆಂದರೆ ಯಕ್ಷಗಾನವೇ ತಪ್ಪಾದೀತಲ್ಲ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ರಂಗದ ಮೇಲೆ ಭೀಮನ ಗದೆ ಹಗುರವಾದ ಮರದ್ದು. ಆತನಿಗೂ ಗೊತ್ತು, ನಮಗೂ ಗೊತ್ತು. ವೇಷದ ಒಳಗೆ ಆಯುಧವಿಲ್ಲದಿರುವುದೇ ಆ ವೇಷದ ಧರ್ಮ. ಏರ್‌ಗನ್ನಿನಲ್ಲಿ ಹಾಗಲ್ಲ. ಅದರ ಎಲೆಯ ಕೆಳಗೆ ನಿಜವಾದ ನಳಿಗೆ ಇದೆ, ಒಂದು ಕಣ್ಣು ಹೋಗುವಷ್ಟು ಬಲವಿದೆ. ಕಾನೂನು ಅದಕ್ಕೆ ಪರವಾನಗಿ ಕೇಳುವುದಿಲ್ಲವೆಂದ ಮಾತ್ರಕ್ಕೆ ಕಣ್ಣು ಅದನ್ನು ಆಟಿಕೆಯೆಂದು ಒಪ್ಪುವುದಿಲ್ಲ.

ನನ್ನನ್ನು ಯೋಚನೆಗೆ ಹಚ್ಚಿದುದು ಒಂದು ಸಣ್ಣ ಸಂಗತಿ. ಆ ಮನೆಯಲ್ಲಿ ಐದು ವರುಷದ ಹುಡುಗಿಯೊಬ್ಬಳಿದ್ದಾಳೆ, ಭಾವನ ತಮ್ಮನ ಮೊಮ್ಮಗಳು. ತಾತನ ಕೇಪಿನ ಕೋವಿ ನಡುಮನೆಯ ಗೋಡೆಗೆ, ತೊಲೆಯ ಹತ್ತಿರ, ಎರಡು ಗೂಟದ ಮೇಲೆ ಕರ್ರಗೆ ಮಲಗಿದೆ. ಆ ಮಗು ಹುಟ್ಟಿದಾಗಿನಿಂದ ಅದು ಅಲ್ಲೇ ಇದೆ. ಅವಳು ಒಂದು ದಿನವೂ ಅದನ್ನು ಬೇಕೆಂದು ಕೇಳಿದವಳಲ್ಲ. ಅದರ ಮುಖವೇ ಹಾಗಿದೆ. ಈ ಎಲೆ ಬಿಡಿಸಿದ ಏರ್‌ಗನ್ನು ಜಗಲಿಗೆ ಬಂದ ಗಳಿಗೆಯೇ, “ಎಷ್ಟು ಚೆಂದ ಐತೆ, ನಂಗೆ ಕೊಡು ಚಿಕ್ಕಪ್ಪಾ,” ಎಂದು ಎರಡು ಕೈಯನ್ನೂ ಚಾಚಿದಳು. ಹುಡುಗ ತಕ್ಷಣ ಮೇಲೆತ್ತಿಕೊಂಡ, ಕಾಳು ತುಂಬಿರಲೂ ಇಲ್ಲ. ಆದರೂ ಆ ಚಾಚಿದ ಕೈಗಳು ನನ್ನ ಕಣ್ಣಿನಲ್ಲಿ ಉಳಿದುವು. ಚೆಂದವೆಂಬುದು ಕೈಯನ್ನು ಕರೆಯುತ್ತದೆ. ಕರೆಯಬಾರದ ವಸ್ತುವಿಗೆ ಚೆಂದ ತೊಡಿಸುವವನು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆ?

ಬಿಜಾಪುರದ ಮಲಿಕ್-ಎ-ಮೈದಾನ್ ಫಿರಂಗಿಯನ್ನು ನೋಡಿದವರು ಅದರ ಬಾಯನ್ನು ಮರೆತಿರಲಾರರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕಹೊಯ್ದ, ಸುಮಾರು 55 ಟನ್ ತೂಕದ ಆ ಲೋಹದ ಕೊಳವೆಯ ಮುಖಕ್ಕೆ ಶಿಲ್ಪಿ ಒಂದು ಕ್ರೂರಮೃಗದ ತೆರೆದ ಬಾಯಿ ಮಾಡಿದ್ದಾನೆ. ಹಲ್ಲಿನ ನಡುವೆ ಆನೆಯೊಂದು ನುಚ್ಚಾಗುತ್ತಿದೆ. ಅದೂ ಅಲಂಕಾರವೇ, ಬಹಳ ಶ್ರಮದ ಅಲಂಕಾರ. ಆದರೆ ಅದು ಸುಳ್ಳು ಹೇಳುವುದಿಲ್ಲ. ನಾನು ನುಂಗುತ್ತೇನೆ, ಆನೆಯನ್ನೂ ಬಿಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆದುಕೊಂಡು ಕುಳಿತಿದೆ. ಆ ಪ್ರಾಮಾಣಿಕತೆಯಿಂದ ಅದು ಕೊಂದವರ ಸಂಖ್ಯೆ ಒಂದೂ ಕಡಮೆಯಾಗಲಿಲ್ಲ ಎಂಬುದು ನಿಜ. ಆದರೂ ಮುಂದೆ ನಿಂತವನಿಗೆ ತಾನು ಯಾವುದರ ಮುಂದೆ ನಿಂತಿದ್ದೇನೆ ಎಂಬುದು ತಿಳಿಯುತ್ತದೆ.

ಕೊಡಗಿನ ಮಾತು ಹೇಳದೆ ಈ ವಿಷಯ ಮುಗಿಯದು. ಸೆಪ್ಟೆಂಬರಿನ ಮೊದಲ ವಾರ, ನಾಟಿ ಮುಗಿದ ಮೇಲೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ತೊಳೆದು ದೇವರ ಕೋಣೆಯಲ್ಲಿಟ್ಟು ಪೂಜಿಸುತ್ತಾರೆ. ಕೋವಿಯ ನಳಿಗೆಗೆ ಸಿಕ್ಕಿಸುವ ಹೂವಿಗೆ ಅಲ್ಲಿಯವರ ಮಾತಿನಲ್ಲಿ ‘ತೋಕ್ ಪೂ’ ಎಂದೇ ಹೆಸರು. ತೋಕ್ ಎಂದರೆ ಕೋವಿ. ನಮ್ಮ ಕಡೆ ಅದನ್ನು ಅಗ್ನಿಶಿಖೆ ಎನ್ನುತ್ತೇವೆ. ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಎಸಳು. ಬೇರಿನಿಂದ ಹೂವಿನವರೆಗೆ ಇಡೀ ಗಿಡ ವಿಷ! ಕೋವಿಗೆ ಮುಡಿಸಲು ಇದಕ್ಕಿಂತ ತಕ್ಕ ಹೂವನ್ನು ಯಾವ ಕವಿಯೂ ಆರಿಸಲಾರ. ಆ ಹೂವು ಸಂಜೆಗೆ ಬಾಡುತ್ತದೆ. ಮಾರನೆಯ ದಿನ ಕೋವಿ ಮತ್ತೆ ಬರಿಯ ಕೋವಿ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸುವ ಆ ಜನಕ್ಕೆ ಕೋವಿ ಮನೆಯ ಒಬ್ಬ ಹಿರಿಯನಿದ್ದ ಹಾಗೆ. ಬ್ರಿಟಿಷರ ಕಾಲದಿಂದ ನಡೆದುಬಂದ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನಿಸಿ ಹೂಡಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ವಜಾಮಾಡಿತು. ಒಂದು ಜನಾಂಗಕ್ಕೆ ಮಾತ್ರ ಈ ರಿಯಾಯತಿ ಏಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಅದನ್ನು ವಕೀಲರಿಗೆ ಬಿಡುತ್ತೇನೆ. ನನಗೆ ಬೇಕಾದ್ದು ಆ ಬಾಡುವ ಹೂವು. ವರುಷಕ್ಕೊಮ್ಮೆ ಮುಡಿಸಿ ತೆಗೆದ ಹೂವು ಕೋವಿ ಎಂದರೇನೆಂಬುದನ್ನು ನೆನಪಿಗೆ ತರುತ್ತದೆ. ಅಂಟಿಸಿ ಬಿಟ್ಟ ಪಟ್ಟಿ ದಿನದಿನವೂ ಅದನ್ನು ಮರೆಸುತ್ತದೆ.

ಮಾರನೆಯ ದಿನ ಹುಡುಗನೊಡನೆ ಇದನ್ನೇ ಮಾತಾಡಿದೆ. ಅವನು ಬುದ್ಧಿವಂತ, ಸುಮ್ಮನೆ ತಲೆದೂಗುವವನಲ್ಲ. “ಮಾವ, ಆಯುಧಪೂಜೆ ದಿನ ನೀವು ಸ್ಕೂಟರಿಗೆ ಬಾಳೆಕಂದು ಕಟ್ಟಲ್ವಾ? ನಮ್ಮ ದೇಶದಲ್ಲಿ ಕೋವಿಗಿಂತ ಹೆಚ್ಚು ಜನ ಸಾಯೋದು ಗಾಡಿಯಿಂದ,” ಎಂದ. ಈ ಏಟು ನನಗೆ ತಗಲಿತು. ತಡೆದು, “ಆ ಬಾಳೆಕಂದೂ ಎರಡು ದಿನಕ್ಕೆ ಒಣಗುತ್ತದಯ್ಯಾ,” ಎಂದೆ. ಅವನು ಅದನ್ನು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಆಮೇಲೆ ಬೇರೆ ದಿಕ್ಕಿನಿಂದ ಕೇಳಿದೆ. ನೀನು ಸೇರಿಸಿದ ಸಾಮಾನುಗಳಲ್ಲಿ ಟಾರ್ಚು ಕತ್ತಲೆಯಲ್ಲಿ ಹೊಡೆಯುವುದಕ್ಕೆ. ಕಾಲು ಅಲುಗದೆ ಹೊಡೆಯುವುದಕ್ಕೆ. ಪಟ್ಟಿ ಬೇಗ ಹೆಗಲಿಗೇರಿಸುವುದಕ್ಕೆ. ಬಣ್ಣ ಕಾಣದೆ ಹೊಡೆಯುವುದಕ್ಕೆ. ಹೊಡೆಯದಿರುವುದಕ್ಕೆ ಸಹಾಯವಾಗುವ ಒಂದು ಸಾಮಾನಾದರೂ ಇದೆಯೆ? ಎತ್ತಿನ ಕೋಡಿಗೆ ಇದೆಯಲ್ಲ! ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೇಫ್ಟಿ ಇದೆ,” ಎಂದ. “ಅದು ಕಂಪನಿಯವರು ಇಟ್ಟದ್ದು. ನೀನು ಇಟ್ಟದ್ದು?” ಎಂದೆ. ಆಗ ಅವನು ನಕ್ಕ. ಆದರೆ ಮೊದಲ ದಿನ ನಕ್ಕಂತೆ ನಗಲಿಲ್ಲ.

ಯಜಮಾನರಿಗೂ ಉತ್ತರ ಕೊಡಬೇಕಿತ್ತು. ಕೋವಿಗೆ ಅಂಗಿ ಹೊಲಿಸುವವನ ಕೈಗೆ ಕೋವಿ ಕೊಡಬಾರದೆಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪಲಿಲ್ಲ. ಮೂರು ದಿನ ಕೂತು ಎಲೆಯ ನರ ಮೂಡಿಸುವಷ್ಟು ತಾಳ್ಮೆ ಇರುವವನು ನಳಿಗೆಯೊಳಗಿನ ಮಸಿ ತೆಗೆಯುವುದಕ್ಕೂ ತಾಳ್ಮೆ ತೋರಿಯಾನು. ಮಗು ಕೈಚಾಚಿದ ಗಳಿಗೆಯೇ ಅವನು ಮೇಲೆತ್ತಿಕೊಂಡದ್ದನ್ನೂ ನಾನು ನೋಡಿದ್ದೆ. ಶ್ರದ್ಧೆ ಎಂಬುದು ಬರಿಗೈಯಲ್ಲಿ ಬರುವುದಿಲ್ಲ. ಮೊದಲು ಎಲ್ಲೋ ಒಂದು ಕಡೆ ತಪ್ಪು ಜಾಗದಲ್ಲಾದರೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸಹಿ ಈಗಲೇ ಬೇಡ, ಒಂದು ವರುಷ ಅವನು ಬಂದಾಗಲೆಲ್ಲ ಈ ಹಳೆಯ ಕೋವಿಯನ್ನು ಇಳಿಸಿ ಒರೆಸಿ ಎಣ್ಣೆ ಹಚ್ಚಲಿ, ಅದರ ಮೇಲೆ ಒಂದು ಚುಕ್ಕೆ ಬಣ್ಣವನ್ನೂ ಹಾಕದಿರಲಿ, ಆಮೇಲೆ ನೋಡೋಣ ಎಂದೆ.

ಯಜಮಾನರು ಒಪ್ಪಿದರೋ ಇಲ್ಲವೋ ಹೇಳಲಿಲ್ಲ. ಎದ್ದು ಕೋವಿಯನ್ನು ತಾವೇ ಇಳಿಸಿದರು. ಅದರ ಮರದ ಹಿಡಿ, ನಳಿಗೆಯ ಕೆಳಗೆ ಎಡಗೈ ಆನುವ ಜಾಗದಲ್ಲಿಯೇ, ಎಂದೋ ಸೀಳಿತ್ತು. ಆ ಸೀಳಿನ ಸುತ್ತ ತಾಮ್ರದ ತಂತಿಯನ್ನು ಒತ್ತೊತ್ತಾಗಿ, ಒಂದರ ಮೇಲೊಂದು ಹತ್ತದಂತೆ, ಇಪ್ಪತ್ತೋ ಮೂವತ್ತೋ ಸುತ್ತು ಸುತ್ತಿದ್ದರು. ಕೈ ತಗಲಿ ತಗಲಿ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. “ಇದು ಯಾವಾಗ ಸುತ್ತಿದ್ದು ತಾತ?” ಎಂದು ಹುಡುಗ ಕೇಳಿದ. ಹಂದಿ ಕಾಯಲು ಕೂತ ಒಂದು ಮಳೆಗಾಲದಲ್ಲಿ, ಕೆಲಸವಿಲ್ಲದೆ, ಎಂದರು ಅವರು. ಹುಡುಗ ಆ ತಂತಿಯ ಮೇಲೆ ಹೆಬ್ಬೆರಳಾಡಿಸಿ, ತುದಿಯನ್ನು ಎಲ್ಲಿ ಒಳಸೇರಿಸಿದ್ದಾರೆಂದು ಹುಡುಕತೊಡಗಿದ. ಅದು ಅವನಿಗೆ ಸಿಕ್ಕಲಿಲ್ಲ. ಅರ್ಜಿಯ ಕಾಗದ ಇನ್ನೂ ಕಪಾಟಿನಲ್ಲಿದೆ.